ರಕ್ತದಲ್ಲಿ ಕ್ಲಮೈಡಿಯಾದ ಗುರುತು ಸಿಕ್ಕರೆ ಗರ್ಭನಾಳ ಕೆಟ್ಟಿದೆ ಎಂದರ್ಥವೇ?

ಪ್ರಶ್ನೆ: ನನಗೆ 29 ವರ್ಷ. ಮದುವೆಯಾಗಿ ಮೂರು ವರ್ಷ ಕಳೆದರೂ ಮಕ್ಕಳಾಗಿಲ್ಲ. ಮುಟ್ಟು ತಿಂಗಳಿಗೆ ಸರಿಯಾಗಿ ಆಗುತ್ತದೆ. ಯಜಮಾನರ ವೀರ್ಯ ಪರೀಕ್ಷೆಯಲ್ಲೂ ದೋಷವೇನೂ ಕಂಡಿಲ್ಲ. ಕಳೆದ ತಿಂಗಳು ಒಂದು ಲ್ಯಾಬ್‌ನಲ್ಲಿ ರಕ್ತ ಕೊಟ್ಟಾಗ ‘ಕ್ಲಮೈಡಿಯಾ ಐಜಿಜಿ ಪಾಸಿಟಿವ್, 2.6, ಐಜಿಎಂ ನೆಗೆಟಿವ್’ ಎಂದು ಬಂತು. ಮೊಬೈಲ್‌ನಲ್ಲಿ ಹುಡುಕಿ ನೋಡಿದರೆ ಇದು ಲೈಂಗಿಕ ರೋಗವೆಂದೂ ಇದರಿಂದ ಟ್ಯೂಬ್ ಮುಚ್ಚಿಹೋಗಿ ಮಕ್ಕಳೇ ಆಗುವುದಿಲ್ಲವೆಂದೂ ಇದೆ. ನನಗೆ ಯಾವತ್ತೂ ಬಿಳಿಸೆರಗಿನ ತೊಂದರೆಯಾಗಲಿ ಕಿಬ್ಬೊಟ್ಟೆ ನೋವಾಗಲಿ ಇರಲಿಲ್ಲ. ನನ್ನ ಟ್ಯೂಬ್ ಕೆಟ್ಟಿದೆಯೇ? ಮುಂದೆ ಯಾವ ಪರೀಕ್ಷೆ ಮಾಡಿಸಬೇಕು? ಇದು ಯಜಮಾನರಿಂದ ಬಂದದ್ದೇ? ಅತ್ತೆಯವರು ರಿಪೋರ್ಟ್ ಕೇಳುತ್ತಿದ್ದಾರೆ, ತೋರಿಸಬೇಕೇ?
– ಓದುಗರೊಬ್ಬರು, ದಾವಣಗೆರೆ ಜಿಲ್ಲೆ

ಉತ್ತರ: ನಿಮ್ಮ ಕೈಯಲ್ಲಿರುವ ರಿಪೋರ್ಟ್ ಹೇಳುವುದು ಇಷ್ಟನ್ನೇ: ಎಂದೋ ಒಮ್ಮೆ ನಿಮ್ಮ ದೇಹಕ್ಕೆ ಕ್ಲಮೈಡಿಯಾ ಜಾತಿಯ ಬ್ಯಾಕ್ಟೀರಿಯಾದ ಪರಿಚಯವಾಗಿದೆ, ದೇಹ ಅದರ ವಿರುದ್ಧ ಹೋರಾಡುವ ಪ್ರೋಟೀನ್‌ಗಳನ್ನು, ಅಂದರೆ ಪ್ರತಿಕಾಯಗಳನ್ನು ತಯಾರಿಸಿಕೊಂಡಿದೆ (ಐಜಿಜಿ, ಐಜಿಎಂ ಎಂಬುವು ಪ್ರತಿಕಾಯಗಳ ಎರಡು ಬಗೆಗಳು). ಆ ಬ್ಯಾಕ್ಟೀರಿಯಾ ಈಗಲೂ ನಿಮ್ಮೊಳಗೆ ಇದೆ ಎಂದು ಆ ರಿಪೋರ್ಟ್ ಹೇಳುತ್ತಿಲ್ಲ. ನಿಮ್ಮ ಗರ್ಭನಾಳಗಳು ಮುಚ್ಚಿವೆ ಎಂದಂತೂ ಹೇಳುತ್ತಲೇ ಇಲ್ಲ. ಈಗ ಸೋಂಕು ಇದೆಯೇ, ಹಿಂದೆ ಎಂದಾದರೂ ಇತ್ತೇ, ಇದ್ದದ್ದು ಹಾನಿ ಮಾಡಿಟ್ಟು ಹೋಗಿದೆಯೇ ಎಂಬ ಮೂರು ಪ್ರಶ್ನೆಗಳು ಬೇರೆ ಬೇರೆ. ಮೊದಲನೆಯದಕ್ಕೆ ಉತ್ತರ ಸಿಗುವುದು ಸ್ವಾಬ್ ಅಥವಾ ಮೂತ್ರದಿಂದ, ಎರಡನೆಯದಕ್ಕೆ ರಕ್ತದಿಂದ, ಮೂರನೆಯದಕ್ಕೆ ನಾಳದೊಳಗೆ ದ್ರವ ಹಾಯಿಸಿ ನೋಡುವುದರಿಂದ. ನಿಮಗೆ ಎರಡನೆಯದರ ಉತ್ತರ ಮಾತ್ರ ಸಿಕ್ಕಿದೆ, ಅದೂ ಅರೆಬರೆಯಾಗಿ. ಅದನ್ನೇ ಮೂರನೆಯದರ ಉತ್ತರವೆಂದು ತಿಳಿದು ನಿದ್ದೆಗೆಡುತ್ತಿದ್ದೀರಿ.

ಈ ಗೊಂದಲ ನಿಮ್ಮೊಬ್ಬರದಲ್ಲ. ಇದಕ್ಕೆ ಕಾರಣ ತಿಳಿಯಬೇಕಾದರೆ ಈ ಜೀವಿಯ ಸ್ವಭಾವ ಸ್ವಲ್ಪ ಗೊತ್ತಿರಬೇಕು. ‘ಕ್ಲಮಿಸ್’ ಎಂದರೆ ಗ್ರೀಕ್ ಭಾಷೆಯಲ್ಲಿ ಮೈಮೇಲೆ ಹೊದೆಯುವ ನಿಲುವಂಗಿ. 1907ರಲ್ಲಿ ಹಾಲ್ಬರ್‌ಸ್ಟೇಟರ್ ಮತ್ತು ಪ್ರೊವಾಜೆಕ್ ಎಂಬ ವಿಜ್ಞಾನಿಗಳು ಜಾವಾ ದ್ವೀಪದಲ್ಲಿ ಟ್ರಕೋಮಾ ಎಂಬ ಕಣ್ಣಿನ ರೋಗವನ್ನು ಅಧ್ಯಯನ ಮಾಡುತ್ತಿದ್ದಾಗ, ಕಣ್ಣುರೆಪ್ಪೆಯ ಒಳಪದರದ ಜೀವಕೋಶಗಳೊಳಗೆ ಹೊದಿಕೆ ಹೊದ್ದು ಕುಳಿತಂತಿದ್ದ ಕಣಗಳ ಗುಂಪನ್ನು ಮೊದಲು ಕಂಡರು. ಅದೇ ಜೀವಿಯ ಬೇರೆ ಬಗೆಗಳು ಜನನಾಂಗಗಳಲ್ಲಿಯೂ ನೆಲೆಸುತ್ತವೆ ಎಂಬುದು ಸ್ಪಷ್ಟವಾದದ್ದು ಆಮೇಲೆ. ಕ್ಲಮೈಡಿಯಾ ಟ್ರಕೋಮಾಟಿಸ್‌ನ ಎ, ಬಿ, ಸಿ ಬಗೆಗಳು ಕಣ್ಣಿಗೆ, ಡಿ ಇಂದ ಕೆ ವರೆಗಿನವು ಮುಖ್ಯವಾಗಿ ಜನನಾಂಗಕ್ಕೆ ಸಂಬಂಧಿಸಿದವು. ಇದು ಬದುಕುವುದು ಮತ್ತು ವೃದ್ಧಿಯಾಗುವುದು ನಮ್ಮ ಜೀವಕೋಶಗಳ ಒಳಗೆ ಮಾತ್ರ. ಹೊರಗೆ ಇರುವಾಗ ಅದು ಬೀಜದಂತೆ ನಿಷ್ಕ್ರಿಯ. ಜೀವಕೋಶದೊಳಗೆ ಹೊಕ್ಕ ಮೇಲೆ ರೂಪ ಬದಲಿಸಿಕೊಂಡು ಒಂದು ಹಲವಾಗಿ, ಎರಡು ಮೂರು ದಿನಗಳಲ್ಲಿ ಆ ಕೋಶವನ್ನು ಒಡೆದು ಹೊರಬಂದು ಪಕ್ಕದ ಕೋಶಗಳಿಗೆ ನುಗ್ಗುತ್ತದೆ.

ಲ್ಯಾಬ್‌ನ ಸಾಮಾನ್ಯ ಕಲ್ಚರ್ ತಟ್ಟೆಯಲ್ಲಿ ಇದು ಬೆಳೆಯದಿರುವುದು ಈ ಕಾರಣದಿಂದಲೇ. ಅಲ್ಲಿ ಬೆಳೆಸುವ ಬ್ಯಾಕ್ಟೀರಿಯಾಗಳಿಗೆ ಅಗರ್ ಮೇಲಿನ ಪೋಷಕಾಂಶ ಸಾಕು. ಇದಕ್ಕೆ ಜೀವಂತ ಕೋಶಗಳೇ ಬೇಕು. 1957ರಲ್ಲಿ ಬೀಜಿಂಗ್‌ನ ಟಾಂಗ್ ಫೆಯ್‌ಫಾನ್ ಮತ್ತು ಸಂಗಡಿಗರು ಇದನ್ನು ಮೊದಲ ಬಾರಿಗೆ ಪ್ರತ್ಯೇಕಿಸಿ ಬೆಳೆಸಿದ್ದು ಕೋಳಿಮೊಟ್ಟೆಯ ಭ್ರೂಣದ ಹಳದಿ ಚೀಲದಲ್ಲಿ. ನನ್ನ ಬಳಿ ಬರುವ ಹತ್ತಾರು ಫೈಲುಗಳಲ್ಲಿ ‘ವೆಜೈನಲ್ ಸ್ವಾಬ್ ಕಲ್ಚರ್: ನೋ ಗ್ರೋತ್’ ಎಂಬ ಹಾಳೆಯೊಂದು ಇದ್ದೇ ಇರುತ್ತದೆ, ಮತ್ತು ಅದನ್ನು ನೋಡಿ ‘ಸೋಂಕು ಇಲ್ಲವಂತೆ’ ಎಂದು ನಿರಾಳವಾದವರೂ ಇದ್ದಾರೆ. ಆ ಹಾಳೆ ಕ್ಲಮೈಡಿಯಾದ ಬಗ್ಗೆ ಏನನ್ನೂ ಹೇಳುವುದಿಲ್ಲ. ಪ್ಯಾಪ್ ಸ್ಮಿಯರ್, ಗ್ರಾಂ ಸ್ಟೇನ್, ಸಾಮಾನ್ಯ ಮೂತ್ರ ಪರೀಕ್ಷೆಗಳೂ ಅಷ್ಟೇ.

ಈಗಿನ ಸೋಂಕನ್ನು ಪತ್ತೆಹಚ್ಚಲು ಇಂದು ಎಲ್ಲ ಮಾರ್ಗಸೂಚಿಗಳೂ ಒಪ್ಪಿರುವ ಪರೀಕ್ಷೆ ನ್ಯಾಟ್, ಅಂದರೆ ಬ್ಯಾಕ್ಟೀರಿಯಾದ ಡಿಎನ್‌ಎ ಅಥವಾ ಆರ್‌ಎನ್‌ಎಯ ತುಣುಕನ್ನು ಪಿಸಿಆರ್‌ನಂಥ ವಿಧಾನದಿಂದ ಕೋಟಿಗಟ್ಟಲೆ ಪಟ್ಟು ಹೆಚ್ಚಿಸಿ ಗುರುತಿಸುವುದು. ಕೋವಿಡ್ ಕಾಲದಲ್ಲಿ ಮೂಗಿನ ಸ್ವಾಬ್ ಕೊಟ್ಟವರಿಗೆಲ್ಲ ಈ ತಂತ್ರದ ಪರಿಚಯವಿದೆ. ಯಂತ್ರ ಅದೇ ಬಗೆಯದು, ಕಿಟ್ ಮಾತ್ರ ಬೇರೆ. ಮಹಿಳೆಯರಲ್ಲಿ ಇದಕ್ಕೆ ಅತ್ಯುತ್ತಮ ಮಾದರಿ ಯೋನಿಯ ಸ್ವಾಬ್. ಅದನ್ನು ವೈದ್ಯರೇ ತೆಗೆಯಬೇಕೆಂದಿಲ್ಲ. ಲ್ಯಾಬ್ ಕೊಡುವ ಮೃದು ತುದಿಯ ಕಡ್ಡಿಯನ್ನು ನೀವೇ ಸುಮಾರು ಐದು ಸೆಂಟಿಮೀಟರ್ ಒಳಗೆ ಹಾಕಿ, ಹತ್ತು ಹದಿನೈದು ಸೆಕೆಂಡ್ ನಿಧಾನವಾಗಿ ತಿರುಗಿಸಿ, ದ್ರವವಿರುವ ಕೊಳವೆಗೆ ಇಳಿಸಿ ಮುಚ್ಚಿದರೆ ಆಯಿತು. ಹೀಗೆ ತಾವೇ ತೆಗೆದುಕೊಂಡ ಸ್ವಾಬ್‌ನ ಫಲಿತಾಂಶ ವೈದ್ಯರು ತೆಗೆದದ್ದರಷ್ಟೇ ನಂಬಿಕೆಗೆ ಅರ್ಹ ಎಂಬುದು ಹಲವು ಅಧ್ಯಯನಗಳಲ್ಲಿ ಖಚಿತವಾಗಿದೆ. ಪರೀಕ್ಷಾ ಮೇಜಿನ ಮೇಲೆ ಮಲಗಲು ಸಂಕೋಚಪಡುವವರಿಗೆ ನಾನು ಈ ಮಾತನ್ನು ತಪ್ಪದೆ ಹೇಳುತ್ತೇನೆ.

ಮೂತ್ರವನ್ನೂ ಕೊಡಬಹುದು, ಆದರೆ ಮಹಿಳೆಯರಲ್ಲಿ ಸ್ವಾಬ್‌ನಲ್ಲಿ ಸಿಗುವ ಕೆಲವು ಸೋಂಕುಗಳು ಅದರಲ್ಲಿ ಸಿಗದೆ ಹೋಗುತ್ತವೆ. ಪುರುಷರಿಗೆ ಮಾತ್ರ ಮೂತ್ರವೇ ಅನುಕೂಲದ ಮಾದರಿ. ಇಲ್ಲಿ ನಾನು ಪದೇ ಪದೇ ಕಂಡ ಒಂದು ತಪ್ಪನ್ನು ಹೇಳಲೇಬೇಕು. ಮೂತ್ರಕೋಶದ ಸೋಂಕಿಗೆ ಮೂತ್ರ ಕೊಡುವಾಗ ‘ತೊಳೆದುಕೊಂಡು, ಮೊದಲಿನದನ್ನು ಬಿಟ್ಟು, ಮಧ್ಯದ್ದನ್ನು ಹಿಡಿಯಿರಿ’ ಎಂದು ಹೇಳುವುದು ಲ್ಯಾಬ್ ಸಿಬ್ಬಂದಿಗೆ ಬಾಯಿಪಾಠವಾಗಿರುತ್ತದೆ. ಕ್ಲಮೈಡಿಯಾ ಪರೀಕ್ಷೆಗೆ ಬೇಕಾದದ್ದು ನೇರವಾಗಿ ಇದರ ವಿರುದ್ಧ: ಕನಿಷ್ಠ ಒಂದು ಗಂಟೆ ಮೂತ್ರ ಮಾಡದೆ ಇದ್ದು, ತೊಳೆದುಕೊಳ್ಳದೆ, ಮೊಟ್ಟಮೊದಲು ಬರುವ 20ರಿಂದ 30 ಮಿಲಿಲೀಟರ್ ಮೂತ್ರವನ್ನೇ ಹಿಡಿಯಬೇಕು. ಬ್ಯಾಕ್ಟೀರಿಯಾ ಇರುವುದು ಮೂತ್ರದಲ್ಲಿ ಅಲ್ಲ, ಮೂತ್ರನಾಳದ ಒಳಗೋಡೆಯ ಕೋಶಗಳಲ್ಲಿ. ಅವುಗಳನ್ನು ತೊಳೆದು ತರುವುದು ಆ ಮೊದಲ ಧಾರೆ. ಡಬ್ಬಿ ತುಂಬ ಮಧ್ಯದ ಮೂತ್ರ ಹಿಡಿದು ತಂದ ಗಂಡಸರಿಗೆ ‘ನೆಗೆಟಿವ್’ ಎಂದು ಬರೆದು ಕಳುಹಿಸುವುದೆಂದರೆ ಪರೀಕ್ಷೆ ಮಾಡದೆಯೇ ರಿಪೋರ್ಟ್ ಕೊಟ್ಟ ಹಾಗೆ.

ನ್ಯಾಟ್ ಕೂಡ ದೇವರಲ್ಲ. 2006ರಲ್ಲಿ ಸ್ವೀಡನ್ನಿನ ಹಾಲಂಡ್ ಪ್ರಾಂತ್ಯದಲ್ಲಿ ಕ್ಲಮೈಡಿಯಾ ಪ್ರಕರಣಗಳು ಇದ್ದಕ್ಕಿದ್ದಂತೆ ಇಳಿದಾಗ ಅಲ್ಲಿಯ ತಜ್ಞರು ಸಂತೋಷಪಡುವ ಬದಲು ಸಂಶಯಪಟ್ಟರು. ನೋಡಿದರೆ, ಈ ಬ್ಯಾಕ್ಟೀರಿಯಾದ ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಉಂಗುರದಲ್ಲಿ 377 ಅಕ್ಷರಗಳಷ್ಟು ಭಾಗ ಬಿಟ್ಟುಹೋದ ಹೊಸ ತಳಿಯೊಂದು ಹರಡಿತ್ತು. ಆಗ ಬಳಕೆಯಲ್ಲಿದ್ದ ಎರಡು ದೊಡ್ಡ ಕಂಪನಿಗಳ ಕಿಟ್‌ಗಳು ಹುಡುಕುತ್ತಿದ್ದದ್ದು ಆ ಭಾಗವನ್ನೇ. ಸೋಂಕಿದ್ದ ಸಾವಿರಾರು ಜನ ‘ನೆಗೆಟಿವ್’ ಎನಿಸಿಕೊಂಡು ಮನೆಗೆ ಹೋಗಿದ್ದರು. 2019ರಲ್ಲಿ ಫಿನ್ಲೆಂಡ್‌ನಲ್ಲಿ ಇಂಥದ್ದೇ ಇನ್ನೊಂದು ತಳಿ ಬೇರೊಂದು ಕಿಟ್‌ನ ಕಣ್ಣು ತಪ್ಪಿಸಿತು. ಇಂದಿನ ಒಳ್ಳೆಯ ಕಿಟ್‌ಗಳು ಒಂದರ ಬದಲು ಎರಡು ಗುರಿಗಳನ್ನು ಹುಡುಕುವುದು ಈ ಪಾಠದಿಂದಾಗಿಯೇ.

ತಪ್ಪು ಪಾಸಿಟಿವ್‌ನ ಲೆಕ್ಕವನ್ನೂ ಒಮ್ಮೆ ಬಿಡಿಸಿ ನೋಡೋಣ. ಸಾವಿರ ಮಹಿಳೆಯರಲ್ಲಿ 40 ಜನರಿಗೆ ಸೋಂಕಿದೆ ಎಂದಿಟ್ಟುಕೊಳ್ಳಿ. ಪರೀಕ್ಷೆ ಸೋಂಕಿತರಲ್ಲಿ ನೂರಕ್ಕೆ 95 ಜನರನ್ನು ಹಿಡಿಯುತ್ತದೆ, ಸೋಂಕಿಲ್ಲದವರಲ್ಲಿ ನೂರಕ್ಕೆ 99 ಜನರನ್ನು ಸರಿಯಾಗಿ ಬಿಡುತ್ತದೆ ಎಂದುಕೊಂಡರೆ, 38 ನಿಜವಾದ ಪಾಸಿಟಿವ್‌ಗಳ ಜೊತೆಗೆ ಸುಮಾರು 10 ಸುಳ್ಳು ಪಾಸಿಟಿವ್‌ಗಳು ಬರುತ್ತವೆ. ಅಂದರೆ ಇಷ್ಟು ಒಳ್ಳೆಯ ಪರೀಕ್ಷೆಯಲ್ಲೂ ಪಾಸಿಟಿವ್ ಬಂದ ಐವರಲ್ಲಿ ಒಬ್ಬರಿಗೆ ಸೋಂಕೇ ಇರುವುದಿಲ್ಲ. ಅದೇ, ನೂರಕ್ಕೆ ಐದು ಜನರಲ್ಲಿ ಸುಳ್ಳು ಹೇಳುವ ಪರೀಕ್ಷೆಯಾದರೆ ಸುಳ್ಳು ಪಾಸಿಟಿವ್‌ಗಳು 48ಕ್ಕೆ ಏರಿ, ನಿಜದವುಗಳನ್ನು ಮೀರಿಸುತ್ತವೆ. ಹತ್ತು ನಿಮಿಷದಲ್ಲಿ ಗೆರೆ ಮೂಡಿಸುವ ಕಾರ್ಡ್ ಟೆಸ್ಟ್‌ಗಳ ಹಳೆಯ ಬಗೆಗಳನ್ನು ನಾನು ನಂಬದಿರುವುದು ಮುಖ್ಯವಾಗಿ ಬೇರೆ ಕಾರಣಕ್ಕೆ: ಅವು ಇರುವ ಸೋಂಕನ್ನೇ ಬಹಳಷ್ಟು ಸಲ ಕಾಣುವುದಿಲ್ಲ.

ಈಗ ನಿಮ್ಮ ಐಜಿಜಿಗೆ ಬರೋಣ. ಅಂಗಳದಲ್ಲಿ ಹಾವಿನ ಪೊರೆ ಸಿಕ್ಕಿತೆಂದರೆ ಹಾವು ಎಂದೋ ಬಂದಿತ್ತು ಎಂದು ಗೊತ್ತಾಗುತ್ತದೆ. ಅದು ಈಗ ಮನೆಯೊಳಗಿದೆಯೇ ಎಂಬುದು ಪೊರೆಯಿಂದ ತಿಳಿಯುವುದಿಲ್ಲ. ಅಷ್ಟೇ ಅಲ್ಲ, ಪೊರೆಯನ್ನು ಸರಿಯಾಗಿ ನೋಡಲು ಬಾರದವರಿಗೆ ಅದು ನಾಗರದ್ದೋ ಕೇರೆಯದ್ದೋ ಎಂಬುದೂ ತಿಳಿಯುವುದಿಲ್ಲ. ಕ್ಲಮೈಡಿಯಾ ಕುಲದ ಇನ್ನೊಂದು ಜೀವಿ, ಕ್ಲಮೈಡಿಯಾ ನ್ಯುಮೋನಿಯೆ, ಉಸಿರಾಟದ ಮೂಲಕ ಹರಡಿ ಕೆಮ್ಮು ಗಂಟಲುನೋವು ತರುವಂಥದ್ದು. ಲೈಂಗಿಕ ಸಂಪರ್ಕಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ವಯಸ್ಕರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ರಕ್ತದಲ್ಲಿ ಅದರ ಪ್ರತಿಕಾಯಗಳಿರುತ್ತವೆ. ಎರಡೂ ಜೀವಿಗಳ ಮೇಲ್ಮೈಯಲ್ಲಿ ಹೋಲುವ ಭಾಗಗಳಿರುವುದರಿಂದ, ಕಡಿಮೆ ಗುಣಮಟ್ಟದ ಎಲೈಸಾ (ರಕ್ತದಲ್ಲಿ ಪ್ರತಿಕಾಯ ಹುಡುಕುವ ವಿಧಾನ) ಕಿಟ್‌ಗಳು ಕೇರೆಯ ಪೊರೆಯನ್ನು ಕಂಡು ನಾಗರವೆಂದು ಬರೆಯುವುದುಂಟು. ಕ್ಲಮೈಡಿಯಾ ಟ್ರಕೋಮಾಟಿಸ್‌ಗೆ ಮಾತ್ರ ಸೇರಿದ ಪೆಪ್ಟೈಡ್‌ಗಳನ್ನು ಅಥವಾ ಪಿಜಿಪಿ3 ಎಂಬ ಪ್ರೋಟೀನನ್ನು ಬಳಸುವ ಎಲೈಸಾಗಳಲ್ಲಿ ಈ ತಪ್ಪು ಕಡಿಮೆ. ನಿಮ್ಮ ರಿಪೋರ್ಟ್‌ನಲ್ಲಿ ಬರೀ ‘ಕ್ಲಮೈಡಿಯಾ’ ಎಂದಿದೆಯೇ, ‘ಕ್ಲಮೈಡಿಯಾ ಟ್ರಕೋಮಾಟಿಸ್’ ಎಂದಿದೆಯೇ ಎಂದು ಒಮ್ಮೆ ನೋಡಿ.

2.6 ಎಂಬ ಸಂಖ್ಯೆ ನಿಮ್ಮನ್ನು ಬಹಳ ಕಾಡಿದಂತಿದೆ. ಇಂಥ ರಿಪೋರ್ಟ್‌ಗಳಲ್ಲಿ ಸಾಮಾನ್ಯವಾಗಿ ಅದು ಒಂದು ಅನುಪಾತ: ಕಿಟ್ ನಿಗದಿಪಡಿಸಿದ ಗಡಿ ಮಟ್ಟಕ್ಕೆ ಹೋಲಿಸಿದರೆ ನಿಮ್ಮ ಮಾದರಿಯ ಬಣ್ಣ ಎಷ್ಟು ಪಟ್ಟು ಗಾಢವಾಯಿತು ಎಂಬುದು. ಅದು ರೋಗದ ತೀವ್ರತೆಯಲ್ಲ, ಹಾನಿಯ ಅಳತೆಯೂ ಅಲ್ಲ. ಐಜಿಎಂ ನೆಗೆಟಿವ್ ಎಂಬುದರಿಂದ ‘ಹೊಸ ಸೋಂಕಿಲ್ಲ’ ಎಂದು ತೀರ್ಮಾನಿಸುವಂತಿಲ್ಲ, ಅದು ಪಾಸಿಟಿವ್ ಬಂದಿದ್ದರೆ ‘ಹೊಸ ಸೋಂಕಿದೆ’ ಎಂದು ಹೇಳುವಂತೆಯೂ ಇರಲಿಲ್ಲ. ವಯಸ್ಕರ ಜನನಾಂಗದ ಕ್ಲಮೈಡಿಯಾಕ್ಕೆ ಐಜಿಎಂ ಪರೀಕ್ಷೆ ಉಪಯೋಗಕ್ಕೆ ಬಾರದು. ಅದಕ್ಕೆ ಜಾಗವಿರುವುದು ನವಜಾತ ಶಿಶುಗಳ ನ್ಯುಮೋನಿಯಾದಲ್ಲಿ. ಮಕ್ಕಳಾಗದ ದಂಪತಿಗಳಿಗೆ ‘ಪ್ಯಾಕೇಜ್’ ಎಂದು ಇದನ್ನೂ ಟಾರ್ಚ್ ಪರೀಕ್ಷೆಗಳನ್ನೂ (ಗರ್ಭದ ಮಗುವಿಗೆ ಹಾನಿ ಮಾಡಬಲ್ಲ ಕೆಲವು ಸೋಂಕುಗಳ ರಕ್ತಪರೀಕ್ಷೆ) ಒಟ್ಟಿಗೆ ಕಟ್ಟಿ ಮಾರುವ ರೂಢಿ ನಮ್ಮಲ್ಲಿ ಬೆಳೆದುಬಿಟ್ಟಿದೆ. ಆ ಹಣದಲ್ಲಿ ಅರ್ಧ ನ್ಯಾಟ್‌ಗೆ ಖರ್ಚಾಗಿದ್ದರೆ ನಿಮಗೆ ಉಪಯೋಗವಾಗುತ್ತಿತ್ತು ಎಂದು ನನಗೆ ಅನಿಸುತ್ತದೆ. ಇನ್ನೂ ಒಂದು ಎಚ್ಚರಿಕೆ: ಐಜಿಜಿ ಪ್ರತಿಕಾಯಗಳು ಸೋಂಕು ಹೋದ ಮೇಲೂ ವರ್ಷಗಟ್ಟಲೆ ಉಳಿಯಬಲ್ಲವು. ಆದ್ದರಿಂದ ಮಾತ್ರೆ ನುಂಗಿ ಎರಡು ತಿಂಗಳ ಮೇಲೆ ‘ಐಜಿಜಿ ಇಳಿಯಿತೇ’ ಎಂದು ನೋಡುವುದು, ಇಳಿಯದಿದ್ದರೆ ಇನ್ನೊಂದು ಕೋರ್ಸ್ ಕೊಡುವುದು, ಇವೆಲ್ಲ ಅರ್ಥವಿಲ್ಲದ ಚಿಕಿತ್ಸೆ. ಹೀಗೆ ನಾಲ್ಕು ಬಾರಿ ಆ್ಯಂಟಿಬಯಾಟಿಕ್ ಮುಗಿಸಿ ಬಂದವರನ್ನೂ ನಾನು ನೋಡಿದ್ದೇನೆ. ಅವರಿಗೆ ನ್ಯಾಟ್ ಒಮ್ಮೆಯೂ ಆಗಿರಲಿಲ್ಲ.

ಹಾಗೆಂದು ಐಜಿಜಿಯನ್ನು ಕಸದ ಬುಟ್ಟಿಗೆ ಎಸೆಯಿರಿ ಎಂದು ನಾನು ಹೇಳುವುದಿಲ್ಲ. 1979ರಲ್ಲಿ ಫಿನ್ಲೆಂಡಿನ ಪುನ್ನೋನೆನ್ ಮತ್ತು ಸಹೋದ್ಯೋಗಿಗಳು, ಮಕ್ಕಳಾಗದ ಮಹಿಳೆಯರ ಪೈಕಿ ಗರ್ಭನಾಳ ಕೆಟ್ಟವರಲ್ಲಿ ಈ ಪ್ರತಿಕಾಯಗಳು ಹೆಚ್ಚಾಗಿ ಕಾಣುತ್ತವೆ ಎಂದು ತೋರಿಸಿದರು; ಆ ಬಳಿಕ ಅನೇಕ ದೇಶಗಳಲ್ಲಿ ಅದೇ ಕಂಡುಬಂತು. 1997ರಲ್ಲಿ ನೆದರ್ಲೆಂಡ್ಸ್‌ನ ಸಂಶೋಧಕರು ಅದುವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ, ಒಳ್ಳೆಯ ವಿಧಾನದಿಂದ ಮಾಡಿದ ಪ್ರತಿಕಾಯ ಪರೀಕ್ಷೆ ನಾಳದ ದೋಷವನ್ನು ಊಹಿಸುವುದರಲ್ಲಿ ಎಚ್‌ಎಸ್‌ಜಿ ಎಂಬ ಎಕ್ಸ್‌ರೇ ಪರೀಕ್ಷೆಗೆ ಹತ್ತಿರ ಬರುತ್ತದೆ ಎಂದು ಕಂಡರು. ಅಲ್ಲಿ ಇದನ್ನು ‘ಯಾರಿಗೆ ಲ್ಯಾಪರೋಸ್ಕೋಪಿ (ಹೊಟ್ಟೆಗೆ ಸಣ್ಣ ರಂಧ್ರ ಮಾಡಿ ಕ್ಯಾಮೆರಾ ಇಳಿಸಿ ನೋಡುವುದು) ಬೇಗ ಬೇಕು, ಯಾರು ಕಾಯಬಹುದು’ ಎಂದು ವಿಂಗಡಿಸಲು ಬಳಸಿದರು. ನಿಮ್ಮ ವಿಷಯದಲ್ಲೂ ಅದರ ಬೆಲೆ ಅಷ್ಟೇ: ಟ್ಯೂಬ್ ಪರೀಕ್ಷೆಯನ್ನು ಮುಂದೂಡಬೇಡಿ ಎಂಬ ಸೂಚನೆ.

ಸೋಂಕು ನಾಳವನ್ನು ಕೆಡಿಸುವುದು ಹೇಗೆ? ಗರ್ಭನಾಳ ಹತ್ತು ಹನ್ನೆರಡು ಸೆಂಟಿಮೀಟರ್ ಉದ್ದದ, ಗರ್ಭಕೋಶದ ಕಡೆ ದಾರದಷ್ಟು ಸಣ್ಣ ರಂಧ್ರವಿರುವ ಕೊಳವೆ. ಅದನ್ನು ಬರೀ ಪೈಪ್ ಎಂದು ತಿಳಿಯುವುದೇ ತಪ್ಪು. ಅದರ ಒಳಗೋಡೆಯ ತುಂಬ ಗಾಳಿಗೆ ಬಾಗುವ ಭತ್ತದ ಪೈರಿನಂತೆ ಒಂದೇ ದಿಕ್ಕಿಗೆ ತೂಗುವ ಅತಿಸೂಕ್ಷ್ಮ ರೋಮಗಳಿವೆ. ಅಂಡವನ್ನು ಎಳೆದುಕೊಳ್ಳುವುದು, ಫಲಿತ ಭ್ರೂಣವನ್ನು ದಿನಗಟ್ಟಲೆ ಪೋಷಿಸುತ್ತ ಗರ್ಭಕೋಶಕ್ಕೆ ಸಾಗಿಸುವುದು ಅವುಗಳ ಮತ್ತು ಪಕ್ಕದ ಸ್ರವಿಸುವ ಕೋಶಗಳ ಕೆಲಸ. ಗರ್ಭಕಂಠದಲ್ಲಿ ಬೀಡುಬಿಟ್ಟ ಕ್ಲಮೈಡಿಯಾ ಕೆಲವರಲ್ಲಿ ಮೇಲೇರಿ ಇಲ್ಲಿಗೆ ಬಂದಾಗ, ಬ್ಯಾಕ್ಟೀರಿಯಾಕ್ಕಿಂತ ಹೆಚ್ಚಿನ ಹಾನಿಯನ್ನು ಅದರ ವಿರುದ್ಧ ದೇಹ ಹೂಡುವ ಉರಿಯೂತವೇ ಮಾಡುತ್ತದೆ. ರೋಮಗಳು ಉದುರಿ, ಒಳಗೋಡೆಯ ಮಡಿಕೆಗಳು ಒಂದಕ್ಕೊಂದು ಅಂಟಿ, ಕಡೆಗೆ ಗಾಯದ ಕಲೆಯಂಥ ಗಟ್ಟಿ ಅಂಗಾಂಶ ಉಳಿಯುತ್ತದೆ. ದಾರಿ ಪೂರ್ತಿ ಮುಚ್ಚಿದರೆ ಗರ್ಭ ನಿಲ್ಲುವುದಿಲ್ಲ. ಅರ್ಧ ಮುಚ್ಚಿ ರೋಮಗಳಷ್ಟೇ ಹೋದರೆ ಭ್ರೂಣ ದಾರಿಯಲ್ಲೇ ಸಿಕ್ಕಿಕೊಂಡು ನಾಳದಲ್ಲಿ ಬೆಳೆಯತೊಡಗುವ ಅಪಾಯವಿದೆ. ಮುಂದೆ ನಿಮಗೆ ಗರ್ಭ ನಿಂತಾಗ, ಟ್ಯೂಬ್ ಪರೀಕ್ಷೆ ಸರಿಯಾಗಿದ್ದರೂ, ಬೇಗನೆ ಒಂದು ಸ್ಕ್ಯಾನ್ ಮಾಡಿಸಿ ಗರ್ಭ ಎಲ್ಲಿದೆ ಎಂದು ಖಚಿತಪಡಿಸಿಕೊಳ್ಳಬೇಕು.

ಈ ಎಲ್ಲವೂ ನೋವಿಲ್ಲದೆಯೂ ನಡೆಯಬಲ್ಲದು. ಕ್ಲಮೈಡಿಯಾ ತಗಲಿದ ಬಹುಪಾಲು ಮಹಿಳೆಯರಿಗೆ ಯಾವ ಲಕ್ಷಣವೂ ಇರುವುದಿಲ್ಲ. ಆದ್ದರಿಂದ ‘ನನಗೆ ಬಿಳಿಸೆರಗೇ ಇರಲಿಲ್ಲ’ ಎಂಬ ನಿಮ್ಮ ಮಾತು ಸೋಂಕನ್ನು ತಳ್ಳಿಹಾಕುವುದಿಲ್ಲ. ಆದರೆ ತಗಲಿದವರಿಗೆಲ್ಲ ನಾಳ ಕೆಡುತ್ತದೆ ಎಂಬುದೂ ಸುಳ್ಳು. ಲಂಡನ್ನಿನಲ್ಲಿ ಎರಡೂವರೆ ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿನಿಯರ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮಾದರಿಗಳನ್ನು ಒಂದು ವರ್ಷ ಕಾಯ್ದಿಟ್ಟು ಆಮೇಲೆ ಪರೀಕ್ಷಿಸಿದ ಗುಂಪಿನಲ್ಲಿ ಆರಂಭಕ್ಕೇ ಸೋಂಕಿದ್ದವರು 74 ಮಂದಿ. ಆ ವರ್ಷದಲ್ಲಿ ಅವರಲ್ಲಿ ಶ್ರೋಣಿಯ ಉರಿಯೂತ, ಅಂದರೆ ಸೋಂಕು ಗರ್ಭಕೋಶ ಮತ್ತು ಗರ್ಭನಾಳಗಳಿಗೆ ಏರಿ ಆಗುವ ಉರಿಯೂತ, ಕಂಡದ್ದು 7 ಮಂದಿಗೆ. ತಕ್ಷಣ ಪರೀಕ್ಷಿಸಿ ಚಿಕಿತ್ಸೆ ಕೊಟ್ಟ 63 ಸೋಂಕಿತರಲ್ಲಿ ಅದು ಒಬ್ಬರಿಗೆ ಮಾತ್ರ ಆಯಿತು. ಶ್ರೋಣಿಯ ಉರಿಯೂತವಾದವರೆಲ್ಲರಿಗೂ ಮಕ್ಕಳಾಗುವುದಿಲ್ಲವೆಂದೂ ಅಲ್ಲ. ಸ್ವೀಡನ್ನಿನ ಲುಂಡ್‌ನಲ್ಲಿ ವೆಸ್ಟ್ರೋಮ್ ಮತ್ತು ಸಂಗಡಿಗರು ಲ್ಯಾಪರೋಸ್ಕೋಪಿ ಮಾಡಿಸಿಕೊಂಡ ಮಹಿಳೆಯರನ್ನು 1960ರಿಂದ 1984ರವರೆಗೆ ದಾಖಲಿಸಿ ಅನುಸರಿಸಿದ್ದು ಈ ಕ್ಷೇತ್ರದ ಅತಿ ಮುಖ್ಯ ಅಧ್ಯಯನಗಳಲ್ಲೊಂದು: ಒಂದು ಬಾರಿ ಉರಿಯೂತವಾದವರಲ್ಲಿ ನೂರಕ್ಕೆ 8, ಎರಡು ಬಾರಿಯಾದವರಲ್ಲಿ ಸುಮಾರು 20, ಮೂರು ಅಥವಾ ಹೆಚ್ಚು ಬಾರಿಯಾದವರಲ್ಲಿ 40 ಮಂದಿಗೆ ನಾಳದ ದೋಷದಿಂದ ಮಕ್ಕಳಾಗಲಿಲ್ಲ. ಈ ಅಂಕಿಗಳಲ್ಲಿ ನನಗೆ ಮುಖ್ಯವೆನಿಸುವುದು ಮೊದಲನೆಯದಲ್ಲ, ಅದು ದುಪ್ಪಟ್ಟಾಗುತ್ತ ಹೋಗುವ ರೀತಿ. ಮರುಸೋಂಕನ್ನು ತಡೆಯುವುದು ಏಕೆ ಅಷ್ಟು ಮುಖ್ಯ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಪಾಶ್ಚಾತ್ಯ ದೇಶಗಳ ಈ ಲೆಕ್ಕಗಳನ್ನು ನಮ್ಮಲ್ಲಿ ಹಾಗೆಯೇ ಅನ್ವಯಿಸಲು ಬಾರದ ಒಂದು ಕಾರಣವಿದೆ: ಕ್ಷಯ. ಭಾರತದಲ್ಲಿ ಗರ್ಭನಾಳ ಕೆಡಲು ಜನನಾಂಗದ ಕ್ಷಯ ಒಂದು ದೊಡ್ಡ ಕಾರಣ. ಕೆಮ್ಮು ಜ್ವರಗಳಿಲ್ಲದೆ, ಕೆಲವೊಮ್ಮೆ ಮುಟ್ಟು ಕಡಿಮೆಯಾಗುವುದೊಂದೇ ಸೂಚನೆಯಾಗಿ ಅದು ಬರುತ್ತದೆ. ಆದ್ದರಿಂದ ನಾಳದಲ್ಲಿ ದೋಷ ಕಂಡಾಗ ಐಜಿಜಿ ಪಾಸಿಟಿವ್ ಇದೆಯೆಂದು ಎಲ್ಲವನ್ನೂ ಕ್ಲಮೈಡಿಯಾದ ತಲೆಗೆ ಕಟ್ಟಬಾರದು, ಐಜಿಜಿ ನೆಗೆಟಿವ್ ಇದ್ದರೆ ನಾಳ ಸರಿಯಿದೆ ಎಂದು ನೆಮ್ಮದಿಯಾಗಿಯೂ ಇರಬಾರದು. ನಿಮ್ಮ ಮನೆಯಲ್ಲಿ ಯಾರಿಗಾದರೂ ಟಿಬಿ ಆಗಿತ್ತೇ, ನಿಮಗೇ ಬಾಲ್ಯದಲ್ಲಿ ಚಿಕಿತ್ಸೆಯಾಗಿತ್ತೇ ಎಂಬುದನ್ನು ವೈದ್ಯರು ಕೇಳದಿದ್ದರೂ ನೀವೇ ಹೇಳಿ.

ಇನ್ನು ಮಾಡಬೇಕಾದದ್ದು. ಮೊದಲು ನೀವು ಸ್ವಾಬ್, ಯಜಮಾನರು ಮೊದಲ ಧಾರೆಯ ಮೂತ್ರ ಕೊಟ್ಟು ನ್ಯಾಟ್ ಮಾಡಿಸಿ. ಅದೇ ಮಾದರಿಯಲ್ಲಿ ಗೊನೋರಿಯಾ ಎಂಬ ಇನ್ನೊಂದು ಲೈಂಗಿಕ ಸೋಂಕನ್ನೂ ನೋಡುವ ಕಿಟ್‌ಗಳೇ ಹೆಚ್ಚು. ಟ್ಯೂಬ್ ಪರೀಕ್ಷೆಗಿಂತ ಇದು ಮೊದಲು ಆಗಬೇಕು, ಏಕೆಂದರೆ ಗರ್ಭಕಂಠದಲ್ಲಿ ಸೋಂಕಿರುವಾಗ ಅದರ ಮೂಲಕ ದ್ರವವನ್ನು ಒತ್ತಡದಿಂದ ಹಾಯಿಸಿದರೆ ಕೆಳಗಿದ್ದ ಬ್ಯಾಕ್ಟೀರಿಯಾವನ್ನು ನಾವೇ ಮೇಲಕ್ಕೆ ತಳ್ಳಿದಂತಾಗುತ್ತದೆ. ಪಾಸಿಟಿವ್ ಬಂದರೆ ಚಿಕಿತ್ಸೆ ಸರಳ: ಗರ್ಭಿಣಿಯರಲ್ಲದವರಿಗೆ ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ ದಿನಕ್ಕೆ ಎರಡು ಬಾರಿ ಏಳು ದಿನ, ಗರ್ಭಿಣಿಯಾಗಿದ್ದರೆ ಅದರ ಬದಲು ಅಜಿತ್ರೋಮೈಸಿನ್ 1 ಗ್ರಾಂ ಒಂದೇ ಬಾರಿ. ನೀವು ಮಗುವಿಗಾಗಿ ಪ್ರಯತ್ನಿಸುತ್ತಿರುವುದರಿಂದ ಮಾತ್ರೆ ಆರಂಭಿಸುವ ಮೊದಲು ಗರ್ಭ ಪರೀಕ್ಷೆ ಮಾಡಿಕೊಳ್ಳಬೇಕು. ಔಷಧಿ ಅಂಗಡಿಯಿಂದ ನೇರವಾಗಿ ತಂದು ನುಂಗಬೇಡಿ. ಇಬ್ಬರೂ ಒಟ್ಟಿಗೆ ಚಿಕಿತ್ಸೆ ಪಡೆಯಬೇಕು ಮತ್ತು ಅದು ಮುಗಿಯುವವರೆಗೆ ಸೇರಬಾರದು. ಒಬ್ಬರೇ ಮಾತ್ರೆ ನುಂಗಿದರೆ ವಾರದೊಳಗೆ ಮತ್ತೆ ಅಂಟಿಸಿಕೊಳ್ಳಬಹುದು. ಚಿಕಿತ್ಸೆಯ ಬೆನ್ನಿಗೇ ನ್ಯಾಟ್ ಪುನರಾವರ್ತಿಸಬೇಡಿ: ಸತ್ತ ಬ್ಯಾಕ್ಟೀರಿಯಾದ ಡಿಎನ್‌ಎ ನಾಲ್ಕು ವಾರಗಳವರೆಗೂ ಉಳಿದು ಸುಳ್ಳು ಪಾಸಿಟಿವ್ ತೋರಿಸಬಹುದು. ಮೂರು ತಿಂಗಳ ಮೇಲೆ ಮಾಡಿಸುವುದು ಮರುಸೋಂಕು ಹಿಡಿಯಲು ಉಪಯುಕ್ತ.

ಎಲ್ಲ ಊರುಗಳಲ್ಲೂ ಈ ನ್ಯಾಟ್ ಸಿಗದು. ವೈದ್ಯಕೀಯ ಕಾಲೇಜುಗಳ ಸೂಕ್ಷ್ಮಜೀವಿ ವಿಭಾಗದಲ್ಲಿ ಅಥವಾ ಮಾದರಿಯನ್ನು ಬೆಂಗಳೂರಿನಂಥ ನಗರಕ್ಕೆ ಕಳುಹಿಸುವ ದೊಡ್ಡ ಲ್ಯಾಬ್‌ಗಳಲ್ಲಿ ವಿಚಾರಿಸಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಲೈಂಗಿಕ ಸೋಂಕುಗಳಿಗಾಗಿ ಇರುವ ಸುರಕ್ಷಾ ಕ್ಲಿನಿಕ್‌ಗಳಲ್ಲಿ ನ್ಯಾಕೋ (ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ) ಕಾರ್ಯಕ್ರಮದಡಿ ಬಣ್ಣ ಬಣ್ಣದ ಔಷಧಿ ಕಿಟ್‌ಗಳನ್ನು ಲಕ್ಷಣ ನೋಡಿ ಉಚಿತವಾಗಿ ಕೊಡುತ್ತ ಬಂದಿದ್ದಾರೆ. ಗರ್ಭಕಂಠದ ಸ್ರಾವಕ್ಕೆ ಬೂದು ಬಣ್ಣದ್ದು, ಕಿಬ್ಬೊಟ್ಟೆ ನೋವಿಗೆ ಹಳದಿ ಬಣ್ಣದ್ದು. ಲ್ಯಾಬ್ ಇಲ್ಲದ ಕಡೆ ಅದು ಬಹಳ ಜನರನ್ನು ಉಳಿಸಿದೆ. ಆದರೆ ಲಕ್ಷಣವೇ ಇಲ್ಲದ ನಿಮ್ಮಂಥವರು ಆ ಜಾಲರಿಯ ಕಣ್ಣಿನಿಂದ ಜಾರಿಹೋಗುತ್ತಾರೆ.

ನ್ಯಾಟ್ ನೆಗೆಟಿವ್ ಬಂದರೆ, ಅಥವಾ ಚಿಕಿತ್ಸೆ ಮುಗಿದರೆ, ಎಚ್‌ಎಸ್‌ಜಿ ಮಾಡಿಸಿ. ಮುಟ್ಟು ಶುರುವಾದ ಆರನೆಯ ದಿನದಿಂದ ಹನ್ನೊಂದನೆಯ ದಿನದೊಳಗೆ, ಸ್ರಾವ ನಿಂತ ಮೇಲೆ ಅದನ್ನು ಮಾಡುತ್ತಾರೆ. ಗರ್ಭಕಂಠದ ಮೂಲಕ ಎಕ್ಸ್‌ರೇಯಲ್ಲಿ ಕಾಣುವ ದ್ರವ ಹಾಯಿಸಿ, ಅದು ಎರಡೂ ನಾಳಗಳ ತುದಿಯಿಂದ ಹೊಟ್ಟೆಯೊಳಗೆ ಚೆಲ್ಲುತ್ತದೆಯೇ ಎಂದು ನೋಡುವುದು. ಮುಟ್ಟಿನ ನೋವಿನಂಥ ಹಿಡಿತ ಕೆಲವು ನಿಮಿಷ ಇರುತ್ತದೆ. ‘ಕಾರ್ನುಯಲ್ ಬ್ಲಾಕ್’, ಅಂದರೆ ಗರ್ಭಕೋಶದ ಮೂಲೆಯಲ್ಲೇ ತಡೆ, ಎಂದು ಬಂದರೆ ಗಾಬರಿ ಬೇಡ: ನೋವಿಗೆ ಸ್ನಾಯು ಬಿಗಿದುಕೊಂಡದ್ದೂ ಹಾಗೆ ಕಾಣುತ್ತದೆ, ಇನ್ನೊಮ್ಮೆ ನೋಡಿದಾಗ ತೆರೆದಿರುವುದುಂಟು. ತುದಿ ಮುಚ್ಚಿ ಒಳಗೆ ದ್ರವ ತುಂಬಿ ಉಬ್ಬಿದ್ದರೆ ಅದು ಹೆಚ್ಚು ನಂಬಲರ್ಹವಾದ ದೋಷ. ಅದಕ್ಕೆ ಹೈಡ್ರೋಸಾಲ್ಪಿಂಕ್ಸ್ ಎನ್ನುತ್ತಾರೆ. ನಾಳದ ಹೊರಗಿನ ಅಂಟುಗಳನ್ನು ಎಚ್‌ಎಸ್‌ಜಿ ಸರಿಯಾಗಿ ತೋರಿಸದು, ಅದಕ್ಕೆ ಲ್ಯಾಪರೋಸ್ಕೋಪಿಯಲ್ಲಿ ನೀಲಿ ಬಣ್ಣ ಹಾಯಿಸಿ ಕಣ್ಣಾರೆ ನೋಡಬೇಕು. ಕ್ಲಮೈಡಿಯಾ ಮೇಲೇರಿದ ಕೆಲವರಲ್ಲಿ ಯಕೃತ್ತಿನ ಮೇಲ್ಮೈಯಿಂದ ಹೊಟ್ಟೆಯ ಗೋಡೆಗೆ ವೀಣೆಯ ತಂತಿಗಳಂತೆ ಎಳೆದ ತೆಳು ಅಂಟುಗಳೂ ಆಗ ಕಾಣುತ್ತವೆ.

ನಾಳಗಳು ತೆರೆದಿದ್ದರೆ ನಿಮ್ಮ ವಯಸ್ಸಿನಲ್ಲಿ ಐಜಿಜಿಯನ್ನು ಮರೆತು ಮುಂದಿನ ಕಾರಣಗಳನ್ನು ಹುಡುಕಬಹುದು. ಎರಡೂ ಮುಚ್ಚಿದ್ದರೂ ಬಾಗಿಲು ಮುಚ್ಚಿತೆಂದಲ್ಲ: ಅಂಡವನ್ನು ದೇಹದ ಹೊರಗೆ ಫಲಿತಗೊಳಿಸಿ ಗರ್ಭಕೋಶಕ್ಕೆ ಸೇರಿಸುವ ಐವಿಎಫ್ ಹುಟ್ಟಿದ್ದೇ ಇದಕ್ಕಾಗಿ. 1978ರಲ್ಲಿ ಇಂಗ್ಲೆಂಡಿನ ಓಲ್ಡಂನಲ್ಲಿ ಜನಿಸಿದ ಮೊದಲ ಪ್ರನಾಳ ಶಿಶುವಿನ ತಾಯಿಗೆ ಇದ್ದ ತೊಂದರೆ ಮುಚ್ಚಿದ ಗರ್ಭನಾಳಗಳೇ. ನೀರು ತುಂಬಿದ ನಾಳವಿದ್ದರೆ ಮಾತ್ರ ಐವಿಎಫ್‌ಗೆ ಮೊದಲು ಅದನ್ನು ತೆಗೆಯುವುದು ಅಥವಾ ಬುಡದಲ್ಲಿ ಮುಚ್ಚುವುದು ಒಳ್ಳೆಯದು, ಏಕೆಂದರೆ ಆ ದ್ರವ ಗರ್ಭಕೋಶಕ್ಕೆ ಇಳಿದು ಯಶಸ್ಸಿನ ಸಾಧ್ಯತೆಯನ್ನು ಸುಮಾರು ಅರ್ಧಕ್ಕೆ ತರುತ್ತದೆ.

ಯಜಮಾನರಿಂದ ಬಂತೇ ಎಂದು ಕೇಳಿದ್ದೀರಿ. ಯಾವ ಲ್ಯಾಬ್‌ನ ಯಾವ ಪರೀಕ್ಷೆಯೂ ಇದಕ್ಕೆ ಉತ್ತರಿಸದು. ಪ್ರತಿಕಾಯಕ್ಕೆ ತಾರೀಖು ಬರೆದಿರುವುದಿಲ್ಲ. ಅದು ಆ ಇನ್ನೊಂದು ಕ್ಲಮೈಡಿಯಾದ್ದೇ ಆಗಿರುವ ಸಾಧ್ಯತೆಯೂ ಇದೆ. ನಾಳೆ ನ್ಯಾಟ್ ಪಾಸಿಟಿವ್ ಬಂದರೂ ಸೋಂಕು ಲಕ್ಷಣವಿಲ್ಲದೆ ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಕ್ಕೂ ಮೀರಿ ಉಳಿಯುವಂಥದ್ದು. ಇಬ್ಬರಲ್ಲಿ ಒಬ್ಬರಿಗೆ ಮಾತ್ರ ಪಾಸಿಟಿವ್ ಬಂದರೂ ಅದರಿಂದ ಯಾರು ಮೊದಲು ಎಂದು ಹೇಳಲಾಗದು. ಚಿಕಿತ್ಸೆ ಪಡೆಯದವರಲ್ಲಿ ಸುಮಾರು ಅರ್ಧದಷ್ಟು ಜನರ ಸೋಂಕು ಒಂದು ವರ್ಷದೊಳಗೆ ತಾನಾಗಿ ಹೋಗಿಬಿಡುತ್ತದೆ. ಗಂಟಲುನೋವಿಗೆಂದು ನುಂಗಿದ ಅಜಿತ್ರೋಮೈಸಿನ್ ಕೂಡ ಅದನ್ನು ತಿಳಿಯದಂತೆ ಓಡಿಸಿರಬಹುದು. ನೆಗೆಟಿವ್ ಬಂದವರು ನಿರ್ದೋಷಿ, ಪಾಸಿಟಿವ್ ಬಂದವರು ಅಪರಾಧಿ ಎಂಬ ನ್ಯಾಯ ಇಲ್ಲಿ ನಡೆಯದು. ಯಜಮಾನರಿಗೆ ಈ ಉತ್ತರವನ್ನೇ ಓದಲು ಕೊಟ್ಟು, ‘ಟ್ಯೂಬ್ ಪರೀಕ್ಷೆಗೆ ಮೊದಲು ಇಬ್ಬರೂ ಮಾಡಿಸಬೇಕಾದ ಪರೀಕ್ಷೆ ಇದು’ ಎಂದು ಹೇಳಿ. ಅದು ನೆಪವಲ್ಲ, ನಿಜವೂ ಹೌದು.

ಅತ್ತೆಯವರಿಗೆ ರಿಪೋರ್ಟ್ ತೋರಿಸಬೇಕಾಗಿಲ್ಲ. ಅದು ನಿಮ್ಮ ರಕ್ತದ್ದು, ಅದರ ಮೇಲಿನ ಹಕ್ಕು ನಿಮ್ಮದು; ವೈದ್ಯರೂ ನಿಮ್ಮ ಒಪ್ಪಿಗೆಯಿಲ್ಲದೆ ಅದನ್ನು ಮನೆಯವರ ಮುಂದೆ ಬಿಚ್ಚುವಂತಿಲ್ಲ. ಒತ್ತಾಯ ಹೆಚ್ಚಾದರೆ ‘ರಕ್ತದ ರಿಪೋರ್ಟ್‌ನಿಂದ ಏನೂ ತೀರ್ಮಾನವಾಗಿಲ್ಲ, ಮುಂದಿನ ಮುಟ್ಟಾದ ಮೇಲೆ ಇನ್ನೊಂದು ಪರೀಕ್ಷೆ ಇದೆ’ ಎಂದು ಹೇಳಬಹುದು. ಇವತ್ತಿಗೆ ಲ್ಯಾಬ್ ಹೇಳಬಲ್ಲದ್ದೂ ಅಷ್ಟೇ.